ಜೋಡಿ ಲೆಕ್ಕ ಬಿಟ್ಟ ಮೇಲೆ

ನಮ್ಮ ಕಡೆ ಬಣ್ಣದ ಮೀನು ಮಾರುವುದು ಜೋಡಿ ಲೆಕ್ಕದಲ್ಲಿ. ಗೋಲ್ಡ್‌ಫಿಶ್ ಜೋಡಿಗೆ ಇಷ್ಟು, ಏಂಜಲ್ ಜೋಡಿಗೆ ಇಷ್ಟು. ಎತ್ತು, ಧೋತರ, ಚಪ್ಪಲಿ ಎಲ್ಲವನ್ನೂ ಜೋಡಿಯಾಗಿಯೇ ಕೊಂಡು ರೂಢಿಯಾದ ಊರುಗಳಲ್ಲಿ ಇದು ಯಾರಿಗೂ ತಪ್ಪಾಗಿ ಕಾಣಲಿಲ್ಲ. ನನಗೂ ಕಾಣಲಿಲ್ಲ. 2004ರಿಂದ ರೋಣ, ನರಗುಂದ, ಗಜೇಂದ್ರಗಡದ ಅರಿವೆ ಅಂಗಡಿ, ದವಾಖಾನೆ, ಖಾನಾವಳಿಗಳಲ್ಲಿ ಮೀನಿನ ಟ್ಯಾಂಕ್ ತೊಳೆಯುವ ಕೆಲಸ ನನ್ನದು. ಹುಬ್ಬಳ್ಳಿಯಿಂದ ಮೀನು ತಂದು ಹಾಕಿಕೊಡುವವನೂ ನಾನೇ. ಲೋಚ್ ಮೀನನ್ನು ಜೋಡಿಯಾಗಿ ಹಾಕಿ ಎಷ್ಟು ಜೀವ ಕಳೆದೆ ಎಂದು ನೆನೆದರೆ ಈಗಲೂ ಸಂಕಟವಾಗುತ್ತದೆ.

ಮೊದಲಿನ ಟ್ಯಾಂಕುಗಳೆಂದರೆ ಕಬ್ಬಿಣದ ಆಂಗಲ್ ಚೌಕಟ್ಟಿಗೆ ಪುಟ್ಟಿ ಮೆತ್ತಿ ಗಾಜು ಕೂಡಿಸಿದವು. ಮೂಲೆಯಲ್ಲಿ ತುಕ್ಕು ಹಿಡಿದು ಸೋರುತ್ತಿದ್ದವು. ಆಮೇಲೆ ಸಿಲಿಕಾನ್ ಅಂಟು ಬಂತು, ಚೌಕಟ್ಟು ಹೋಯಿತು. ಮೀನು ಬರುವ ರೀತಿ ಮಾತ್ರ ಬದಲಾಗಲಿಲ್ಲ: ಆಕ್ಸಿಜನ್ ತುಂಬಿ ರಬ್ಬರ್ ಬ್ಯಾಂಡ್ ಬಿಗಿದ ಪ್ಲಾಸ್ಟಿಕ್ ಚೀಲ, ಥರ್ಮಾಕೋಲ್ ಪೆಟ್ಟಿಗೆ, ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ. ನಳದ ನೀರು ದಿನಾ ಬರುವ ಊರುಗಳಲ್ಲ ಇವು. ಬಂದ ನೀರನ್ನು ಬ್ಯಾರಲ್‌ನಲ್ಲಿ ಒಂದು ದಿನ ಬಾಯಿ ತೆರೆದು ಇಟ್ಟು, ಕ್ಲೋರಿನ್ ವಾಸನೆ ಹೋದ ಮೇಲೆ ಟ್ಯಾಂಕಿಗೆ. ಬೋರಿನ ನೀರು ಹಾಕಿದರೆ ಕೆಲವೇ ದಿನಕ್ಕೆ ಗಾಜಿನ ಮೇಲೆ ಉಪ್ಪಿನ ಬಿಳಿ ಗೆರೆ ಮೂಡುತ್ತಿತ್ತು.

ಲೋಚ್ ನಮ್ಮಲ್ಲಿಗೆ ಬಂದದ್ದು ಬಸವನಹುಳದ ದೆಸೆಯಿಂದ. ನೀರಿನ ಗಿಡದ ಜೊತೆ ಒಂದೆರಡು ಹುಳ ಬಂದವೆಂದರೆ ಸ್ವಲ್ಪ ದಿನಕ್ಕೆ ಗಾಜಿನ ತುಂಬ ಅವೇ. ಲೋಚ್ ಅವನ್ನು ಚಿಪ್ಪಿನೊಳಗಿಂದ ಎಳೆದು ತಿನ್ನುತ್ತದೆ. “ಒಂದ ಜೋಡಿ ಬಿಡ್ರಿ, ಹುಳ ಸಾಫ್” ಎಂದು ವ್ಯಾಪಾರಿ ಹೇಳಿದ್ದನ್ನು ನಾನು ಮೂರೂ ಊರಿಗೆ ಒಯ್ದೆ. ಹೆಚ್ಚಾಗಿ ಸಿಗುತ್ತಿದ್ದದ್ದು ಯೋಯೋ ಲೋಚ್, ಗಂಗಾ ಬಯಲಿನ ಕಡೆಯ ಮೀನು. ಬೆಳ್ಳಿ ಮೈಮೇಲೆ ಇಂಗ್ಲಿಷಿನ ವೈ ಮತ್ತು ಓ ಅಕ್ಷರ ಬರೆದಂಥ ಕಪ್ಪು ಗುರುತು, ಬಾಯಿಯ ಸುತ್ತ ಮೀಸೆ, ಯಾವಾಗಲೂ ತಳದಲ್ಲೇ ಓಡಾಟ.

ರೋಣದ ಒಂದು ದವಾಖಾನೆಯಲ್ಲಿ ನಾಲ್ಕು ಏಂಜಲ್ ಮೀನಿದ್ದ ಟ್ಯಾಂಕಿಗೆ ಒಂದು ಜೋಡಿ ಬಿಟ್ಟಿದ್ದೆ. ಮೂರನೇ ವಾರ ಹೋದಾಗ ಎರಡೂ ಮೂತಿಗೆ ಮೂತಿ ಕೊಟ್ಟು ನಿಂತಿದ್ದವು. ನೋಡನೋಡುತ್ತಲೇ ಮೈಮೇಲಿನ ಕಪ್ಪೆಲ್ಲ ಕರಗಿ ಬೂದಿ ಬಣ್ಣವಾಯಿತು. ಒಂದಕ್ಕೊಂದು ಪಕ್ಕೆ ಒತ್ತಿಕೊಂಡು ಗಿರಗಿರ ಸುತ್ತಿದವು. ಗಾಜಿಗೆ ಕಿವಿ ಹಚ್ಚಿದರೆ ಉಗುರಿನಿಂದ ಬಡಿದಂತೆ ಟಕ್, ಟಕ್ ಎಂಬ ಸಪ್ಪಳ. ಮುಂದಿನ ವಾರ ಸಣ್ಣದು ಫಿಲ್ಟರಿನ ಹಿಂದೆ ಸತ್ತು ಬಿದ್ದಿತ್ತು. ಜಗಳಕ್ಕೆ ಜೊತೆಯಿಲ್ಲದ ದೊಡ್ಡದು ಏಂಜಲ್‌ಗಳ ಉದ್ದ ರೆಕ್ಕೆ ಹರಿಯತೊಡಗಿತ್ತು. “ಇದು ಭಾಳ ಕೆಟ್ಟ ಮೀನ ಐತಿ, ಒಯ್ದುಬಿಡಪಾ” ಎಂದರು ಡಾಕ್ಟರು. ಬಲೆ ಹಾಕಿ ಎತ್ತಿದೆ. ಲೋಚ್‌ನ ಕಣ್ಣಿನ ಕೆಳಗೊಂದು ಮುಳ್ಳಿದೆ, ಹೆದರಿದಾಗ ಹೊರಗೆ ನಿಗುರುತ್ತದೆ. ಅದು ಬಲೆಯ ಎಳೆಗೆ ಸಿಕ್ಕಿತು. ಕತ್ತರಿಯಿಂದ ಬಲೆಯನ್ನೇ ಕತ್ತರಿಸಿ ಬಿಡಿಸಬೇಕಾಯಿತು. ಆಮೇಲೆ ಲೋಚ್‌ಗೆ ನಾನು ಬಲೆ ಮುಟ್ಟಿಸಿಲ್ಲ. ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರಿನ ಸಮೇತ ಹಿಡಿಯುತ್ತೇನೆ.

ಇಂಥ ‘ಕೆಟ್ಟ’ ಮೀನುಗಳು ಒಂದೊಂದಾಗಿ ನನಗೆ ವಾಪಸ್ ಬರುತ್ತಿದ್ದವು. 2016ರ ಜುಲೈನಲ್ಲಿ ಅಂಥ ಆರನ್ನು ಎಲ್ಲಿಡಬೇಕೋ ತಿಳಿಯದೆ ನರಗುಂದದ ಒಂದು ಅರಿವೆ ಅಂಗಡಿಯ ನಾಲ್ಕಡಿ ಟ್ಯಾಂಕಿಗೆ, ಸದ್ಯಕ್ಕಿರಲಿ ಎಂದು ಹಾಕಿದೆ. ಒಳಗೆ ಎರಡು ಒಡೆದ ಹೆಂಚು, ಮಡಿಕೆಯ ಬೋಕಿ ಬಿಟ್ಟರೆ ಮತ್ತೇನಿಲ್ಲ. ಅಷ್ಟರಲ್ಲಿ ಮಹದಾಯಿ ನದಿ ನೀರಿನ ನ್ಯಾಯಮಂಡಳಿಯ ಮಧ್ಯಂತರ ತೀರ್ಪು ನಮಗೆ ವಿರುದ್ಧವಾಗಿ ಬಂತು. ಕುಡಿಯುವ ನೀರಿಗಾಗಿ ವರ್ಷದಿಂದ ಧರಣಿ ಕೂತಿದ್ದ ಊರು. ಬೆಂಕಿ ಹತ್ತಿದಂತಾಯಿತು, ಅಂಗಡಿಗಳು ಮುಚ್ಚಿದವು, ಬಸ್ಸು ನಿಂತವು. ಮೀನಿನ ಚಿಂತೆಯನ್ನು ಯಾರ ಮುಂದೆಯೂ ಆಡುವ ಹೊತ್ತಾಗಿರಲಿಲ್ಲ ಅದು.

ಕೆಲವು ದಿನ ಬಿಟ್ಟು ಹೋದೆ. ಅಂಗಡಿಯ ಶೆಟರ್ ಅರ್ಧ ಎತ್ತಿದ್ದರು, ಒಳಗೆ ಕತ್ತಲೆ. ಕೊಂದಾಡಿಕೊಂಡಿರುತ್ತವೆ ಎಂದೇ ಮೊಬೈಲ್ ಬೆಳಕು ಬಿಟ್ಟೆ. ಹೆಂಚಿನ ಕೆಳಗೆ ಆರೂ ಒಂದರ ಮೇಲೊಂದು, ಸಂತೆಯ ಚೀಲದಲ್ಲಿ ಬದನೆಕಾಯಿ ತುಂಬಿದಂತೆ ಒತ್ತಿಕೊಂಡು ಮಲಗಿದ್ದವು. ಒಂದು ಪೂರ್ತಿ ಅಡ್ಡ ಬಿದ್ದಿತ್ತು. “ಅದು ಸತ್ತೈತೇನ್ರಿ?” ಎಂದರು ಮಾಲಕರು. ಬೆಳಕು ಬಿದ್ದದ್ದೇ ಎದ್ದು ಓಡಿತು. ಅದು ಮಲಗುವುದೇ ಹಾಗೆ ಎಂಬುದೂ ನನಗೆ ಅಂದೇ ತಿಳಿದದ್ದು.

ಹನ್ನೆರಡು ವರ್ಷ ನಾನು ತಿಳಿದದ್ದು ತಲೆಕೆಳಗಾಗಿತ್ತು. ಲೋಚ್ ಗುಂಪಿನ ಮೀನು. ಗುಂಪಿನಲ್ಲಿ ಒಂದು ಹಿರಿಯದಿರುತ್ತದೆ, ಅದರ ಕೆಳಗೆ ಉಳಿದವು. ಯಾರು ಮೇಲು ಎಂದು ಗೊತ್ತುಮಾಡಿಕೊಳ್ಳಲು ಬಣ್ಣ ಕಳೆದುಕೊಂಡು ಸೆಣಸುತ್ತವೆ. ಆರಿದ್ದರೆ ಏಟು ಆರಕ್ಕೆ ಹಂಚಿಹೋಗುತ್ತದೆ, ಸೋತದ್ದು ಹೆಂಚಿನ ಕೆಳಗೆ ಸರಿದರೆ ಅಲ್ಲಿಗೆ ಮುಗಿಯಿತು. ಎರಡೇ ಇದ್ದರೆ ಎಲ್ಲ ಏಟೂ ಒಂದರ ಮೇಲೆಯೇ, ಅಡಗಲು ಜಾಗವೂ ಇಲ್ಲ. ಒಂಟಿಯಾದರೆ ಪಕ್ಕದವರ ಮೇಲೆ ಹೋಗುತ್ತದೆ. ಆ ಮೀನುಗಳಲ್ಲಿ ಕೆಟ್ಟದ್ದೇನೂ ಇರಲಿಲ್ಲ, ನಾವು ಅವನ್ನು ಇಟ್ಟ ರೀತಿ ಕೆಟ್ಟದಿತ್ತು.

ಅಲ್ಲಿಂದ ಜೋಡಿ ಕೊಡುವುದನ್ನು ನಿಲ್ಲಿಸಿದೆ. ಆರು ಒಯ್ಯುವುದಾದರೆ ಒಯ್ಯಿರಿ, ಸಣ್ಣ ಟ್ಯಾಂಕಿದ್ದರೆ ಬೇಡವೇ ಬೇಡ ಎನ್ನತೊಡಗಿದೆ. ಗಿರಾಕಿ ಕಡಿಮೆಯಾದರು, ಆಗಲಿ. ಅಂಚು ಚೂಪಾದ ಬಣ್ಣದ ಹರಳು ತೆಗೆದು, ಮೀಸೆ ಸವೆಯದಂತೆ ಸಣ್ಣ ಉಸುಕು ಹಾಕಿದೆ. ಅಕ್ಕಿ ತೊಳೆದಂತೆ ನೀರು ತಿಳಿಯಾಗುವವರೆಗೆ ತೊಳೆಯಬೇಕು. ಕಲ್ಲಿನ ಮೇಲೆ ನಿಂಬೆ ಹಿಂಡಿ ನೊರೆ ಎದ್ದರೆ ಅದು ಸುಣ್ಣದ ಕಲ್ಲು, ಮೊದಲೇ ಗಡಸು ನೀರಿರುವ ನಮ್ಮ ಊರಿಗೆ ಆಗದು. ಶಹಾಬಾದ್ ಫರಸಿಯ ತುಂಡನ್ನು ಎಷ್ಟೋ ಮಂದಿ ಹಾಕುತ್ತಾರೆ, ಅದೂ ಸುಣ್ಣದ ಕಲ್ಲೇ. ಆಹಾರ ದೀಪ ಆರಿಸಿದ ಮೇಲೆ, ಒಂದೇ ಕಡೆಯಲ್ಲ, ನಾಲ್ಕು ಮೂಲೆಗೆ. ಹೊಸ ಮೀನು ಬಿಡುವ ಮುನ್ನ ಹೆಂಚು, ಬೋಕಿ ಎಲ್ಲದರ ಜಾಗ ಬದಲಿಸುತ್ತೇನೆ. ಆಗ ಹಳೆಯವಕ್ಕೂ ಮನೆ ಹೊಸದು, ‘ಇದು ನಂದು’ ಎಂದು ಅಟ್ಟುವುದು ಕಡಿಮೆ.

ಈಗ ಗಿರಾಕಿಗಳು ಫೋನಿನಲ್ಲಿ ಚಿತ್ರ ತೋರಿಸಿ ಹೆಸರು ಹಿಡಿದು ಕೇಳುತ್ತಾರೆ. ಒಬ್ಬ ಕಾಲೇಜು ಹುಡುಗ ಜೀಬ್ರಾ ಲೋಚ್ ತೋರಿಸಿ, “ಕಾಕಾ, ಇದು ಫಾರಿನ್ನಿಂದು ಅಲ್ಲೇನ್ರಿ?” ಎಂದ. ಅಲ್ಲ, ನಮ್ಮದೇ. ಸಿ. ಆರ್. ನಾರಾಯಣರಾವ್ ಎಂಬ ಬೆಂಗಳೂರಿನ ಪ್ರಾಣಿಶಾಸ್ತ್ರಜ್ಞರು 1920ರಲ್ಲಿ ಇದಕ್ಕೆ ಬೋಟಿಯಾ ಸ್ಟ್ರಿಯಾಟಾ ಎಂದು ಹೆಸರಿಟ್ಟದ್ದು ತೀರ್ಥಹಳ್ಳಿಯ ತುಂಗಾ ನದಿಯ ಮೀನು ನೋಡಿ. ತುಂಗಾ ಕೃಷ್ಣೆಯ ಬಳಗದ್ದು, ನಮ್ಮ ಮಲಪ್ರಭೆಯೂ ಕೃಷ್ಣೆಗೇ ಸೇರುತ್ತದೆ. ಇಂದು ಅದು ಅಳಿವಿನಂಚಿನ ಮೀನುಗಳ ಪಟ್ಟಿಯಲ್ಲಿದೆ. ಹೊಳೆಯಿಂದ ಹಿಡಿದು ಮಾರುವುದೂ ಅದಕ್ಕೊಂದು ಕಾರಣ. ಇದನ್ನು ತಿಳಿದ ಮೇಲೆ ನಾನು ಆ ಮೀನು ತರಿಸುವುದಿಲ್ಲ. ಹುಡುಗನಿಗೂ ಹೇಳಿದೆ. ಮುಖ ಸಣ್ಣದು ಮಾಡಿಕೊಂಡ.

ನರಗುಂದದ ಆ ಆರರಲ್ಲಿ ನಾಲ್ಕು ಇನ್ನೂ ಇವೆ. ಅಂಗಡಿಯ ಅಜ್ಜಿ ಮನೆಯಲ್ಲಿ ಮಡಿಕೆ ಒಡೆದರೆ ಎಸೆಯುವುದಿಲ್ಲ. ಅಂಚು ಕಲ್ಲಿಗೆ ತಿಕ್ಕಿ ನುಣ್ಣಗೆ ಮಾಡಿ, ನಾನು ಬರುವ ದಿನಕ್ಕೆ ಗಲ್ಲೆಯ ಪಕ್ಕ ತೆಗೆದಿಟ್ಟಿರುತ್ತಾರೆ.