ಸೌಂಡ್ ಆಮೇಲೆ ಅಲ್ಲ

ಪರದೆ ಪೂರ್ತಿ ಕತ್ತಲು. ಸ್ಟೀಲ್ ಪಾತ್ರೆಗೆ ಟಣ್ ಎಂದು ಒಂದು ಅವರೆಕಾಳು ಬೀಳುತ್ತದೆ. ಹಿಂದೆಯೇ ಇನ್ನೊಂದು, ಮತ್ತೊಂದು. ಬರಬರುತ್ತಾ ಟಣ್ ಹೋಗಿ ಟಪ್ ಆಗುತ್ತದೆ. ತಳ ಮುಚ್ಚಿ, ಕಾಳಿನ ಮೇಲೆ ಕಾಳು ಬೀಳುತ್ತಿದೆ. ಆಗ ಚಿತ್ರ ತೆರೆಯುತ್ತದೆ: ಜಗಲಿಯಲ್ಲಿ ಒಬ್ಬಳೇ ಅಜ್ಜಿ, ಮುಂದೆ ತುಂಬಿದ ಪಾತ್ರೆ, ಕಣ್ಣು ಮಾತ್ರ ಗೇಟಿನ ಕಡೆ. ಆಕೆ ಬಹಳ ಹೊತ್ತಿನಿಂದ ಯಾರಿಗೋ ಕಾಯುತ್ತಿದ್ದಾಳೆ ಎನ್ನಲು ಮಾತೂ ಬೇಡ, ಗೋಡೆ ಗಡಿಯಾರವೂ ಬೇಡ.

ನಮ್ಮ ಕಿರುಚಿತ್ರ ಶುರುವಾಗುವುದು ಹೀಗೆ. ಎಡಿಟ್‌ನಲ್ಲಿ ಕೂಡಿಸಿ ಕೇಳಿದಾಗಿನಿಂದ ಆ ಟಣ್ ಟಪ್ ನನ್ನ ಕಿವಿ ಬಿಟ್ಟು ಹೋಗಿಲ್ಲ. ಮೈಕನ್ನು ಪಾತ್ರೆಯಿಂದ ಗೇಣು ದೂರದಲ್ಲಿ ಹಿಡಿದು, ಖಾಲಿ ಪಾತ್ರೆ, ಅರ್ಧ ಪಾತ್ರೆ, ತುಂಬಿದ ಪಾತ್ರೆ ಎಂದು ಬೇರೆ ಬೇರೆ ರೆಕಾರ್ಡ್ ಮಾಡಿಕೊಂಡೆವು, ಅಷ್ಟೇ. ಖರ್ಚು ಅವರೆಕಾಯಿಯದು, ಅದೂ ರಾತ್ರಿ ಸಾರಾಯಿತು.

ಕಾಲೇಜು ಹುಡುಗರ ಕಿರುಚಿತ್ರ ಸ್ಪರ್ಧೆಗೆ ಹೋಗಿ ಕೂತು ನೋಡಿ. ಒಂದರಲ್ಲಿ ಅಲಾರಾಂ ಹೊಡೆಯುತ್ತದೆ, ನಾಯಕ ಏಳುತ್ತಾನೆ, ಹಲ್ಲುಜ್ಜುತ್ತಾನೆ. ಇನ್ನೊಂದರಲ್ಲಿ ಡ್ರೋನ್ ಮೇಲೇರಿ ತೆಂಗಿನ ತೋಟ ತೋರಿಸುತ್ತದೆ. ಮುಂದಿನ ಕಥೆಯೆಲ್ಲ ಹಾಸ್ಟೆಲ್ ರೂಮಿನೊಳಗೆ. ತೋಟ ಯಾಕೆ ಬಂತು? ಡ್ರೋನ್ ಬಾಡಿಗೆಗೆ ಸಿಕ್ಕಿತ್ತು. ಸೌಂಡ್ ಏನು ಮಾಡಿದಿರಿ ಎಂದರೆ ಎಲ್ಲರದೂ ಒಂದೇ ಉತ್ತರ: ‘ಅದು ಆಮೇಲೆ ಹಾಕ್ಕೊಂಡ್ರಾಯ್ತು ಮಗಾ.’ ಈ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಆಮೇಲೆ ಎಲ್ಲಿಂದ ತರುತ್ತೀರಿ? ಇಂಟರ್ನೆಟ್‌ನಿಂದ ಇಳಿಸಿಕೊಂಡ ಯಾವುದೋ ದೇಶದ ಹಕ್ಕಿ ನಿಮ್ಮ ಮಂಡ್ಯದ ಹಿತ್ತಲಲ್ಲಿ ಕೂಗುತ್ತದೆ. ನೋಡುವವರಿಗೆ ಕಿವಿಯಿಲ್ಲವೇ?

ಶಾಟ್ ಮುಗಿದ ಮೇಲೆ ಎಲ್ಲರೂ ಇದ್ದಲ್ಲೇ ಉಸಿರು ಬಿಗಿಹಿಡಿದು ನಿಂತು, ಆ ಜಾಗದ ಬರೀ ಸದ್ದನ್ನು ಅರ್ಧ ನಿಮಿಷ ಹಿಡಿದುಕೊಳ್ಳಬೇಕು. ಎಡಿಟ್‌ನಲ್ಲಿ ಮಾತಿಗೂ ಮಾತಿಗೂ ನಡುವಿನ ಬಿರುಕು ಮುಚ್ಚುವುದು ಅದೇ. ಫ್ಯಾನು, ಫ್ರಿಜ್ಜು ಆಫ್ ಆಗಿರಬೇಕು. ಫ್ರಿಜ್ ಆಫ್ ಮಾಡಿದವರು ತಮ್ಮ ಬೈಕ್ ಕೀಯನ್ನು ಅದರೊಳಗೇ ಇಡಬೇಕು. ಸೌಂಡ್ ಕೆಲಸದವರ ಹಳೆಯ ಉಪಾಯ ಇದು: ಕೀ ಇಲ್ಲದೆ ಹೊರಡುವಂತಿಲ್ಲ, ಹಾಗಾಗಿ ಸ್ವಿಚ್ ಹಾಕುವುದು ಮರೆಯುವುದಿಲ್ಲ, ಮನೆಯವರ ಹಾಲು ಕೆಡುವುದಿಲ್ಲ.

ರಾಮ್ ರೆಡ್ಡಿಯವರ ‘ತಿಥಿ’ ಸಿನಿಮಾ ಶುರುವಾಗುವುದನ್ನು ಮತ್ತೆ ನೋಡಿ. ದಾರಿಬದಿ ಕೂತ ಸೆಂಚುರಿ ಗೌಡ ಹೋಗಿಬರುವವರನ್ನೆಲ್ಲ ಮಾತಿನಲ್ಲಿ ತಿವಿಯುತ್ತಾನೆ. ಊರು ಎಂಥದ್ದೆಂದು ಆ ದನಿಯಲ್ಲೇ ಗೊತ್ತಾಗುತ್ತದೆ. ಸ್ವಲ್ಪ ಹೊತ್ತಿಗೇ ಮುದುಕ ಸತ್ತುಬೀಳುತ್ತಾನೆ. ಆ ದನಿ ನಿಂತದ್ದರಿಂದಲೇ ಕಥೆ ಹೊರಡುತ್ತದೆ.

ಚಿದಾನಂದ ಎಸ್. ನಾಯ್ಕ್ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ನಲ್ಲಿ ಓದುವಾಗ ಮಾಡಿದ ಕನ್ನಡದ ಕಿರುಚಿತ್ರ 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದ ಮೊದಲ ಬಹುಮಾನ ತಂದಿತು. ಮುದುಕಿಯೊಬ್ಬಳು ಹುಂಜ ಕದ್ದು, ಊರಿಗೆ ಬೆಳಕೇ ಹರಿಯದ ಕಥೆ. ನಿರ್ದೇಶನ, ಕ್ಯಾಮೆರಾ, ಎಡಿಟಿಂಗ್, ಸೌಂಡ್‌ಗೆ ಒಬ್ಬೊಬ್ಬರು, ಒಟ್ಟು ನಾಲ್ವರು ವಿದ್ಯಾರ್ಥಿಗಳು. ಅಷ್ಟು ಚಿಕ್ಕ ತಂಡದಲ್ಲೂ ಸೌಂಡ್‌ಗೇ ಒಬ್ಬರು!

ಕತ್ತಲ ಪರದೆ ಇಟ್ಟರೆ ಜನ ಸ್ಕಿಪ್ ಮಾಡುತ್ತಾರೆ ಎಂದು ಹೆದರಿಸುವವರಿದ್ದಾರೆ. ಕೇಳಿಸಲು ಏನೂ ಇಲ್ಲದಿದ್ದರೆ ಮಾಡುತ್ತಾರೆ. ಮುಂದಿನ ಸಲ ತಂಡ ಕಟ್ಟುವಾಗ ಸೌಂಡ್‌ನವರನ್ನು ಮೊದಲು ಹುಡುಕಿ. ಕ್ಯಾಮೆರಾ ಹಿಡಿಯುವವರು ತಾವಾಗಿಯೇ ಬರುತ್ತಾರೆ.