ಮಕಾವು ನಗರದಲ್ಲಿ ನಮ್ಮ ರಜೆಯ ಕೊನೆಯ ದಿವಸ

ರಜೆಯ ಮೊದಲನೆಯ ದಿವಸವು ಆಶೆಯಿಂದ ತುಂಬಿರುವುದು. ನಡುವಣ ದಿವಸಗಳು ಲೆಕ್ಕಕ್ಕೆ ಸಿಕ್ಕದೆ ಜಾರಿಹೋಗುವುವು. ಕೊನೆಯ ದಿವಸವಾದರೋ ತನ್ನ ಒಂದೊಂದು ಗಳಿಗೆಯನ್ನೂ ಎಣಿಸಿ ಕೊಡುವುದು. ದಂಪತಿಗಳಾದ ನಾವಿಬ್ಬರು ಮಕಾವು ನಗರದಲ್ಲಿ ನಿಶ್ಚಿಂತೆಯಿಂದ ಕಳೆದ ಅಂತಹ ಒಂದು ದಿವಸವನ್ನು ಕುರಿತು ನಾಲ್ಕು ಮಾತುಗಳನ್ನು ವಾಚಕರ ಮುಂದಿಡುತ್ತೇವೆ. ಜೂಜಿಗೆ ಹೆಸರಾದ ಊರಿನ ವೃತ್ತಾಂತವು ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಲ್ಲಿ ಏತಕ್ಕೆಂದು ಕೆಲವರು ಕೇಳಬಹುದು. ಅದಕ್ಕೆ ಉತ್ತರವು ಆ ಊರಿನಲ್ಲಿಯೇ ನಮಗೆ ದೊರೆಯಿತು.

ಮಕಾವು ಚೀನಾ ದೇಶದ ದಕ್ಷಿಣ ಕರಾವಳಿಯಲ್ಲಿರುವ ಒಂದು ಸಣ್ಣ ಸೀಮೆ. 1557ರ ಸುಮಾರಿಗೆ ಪೋರ್ತುಗೀಸರು ಅಲ್ಲಿ ನೆಲೆಯೂರಿದರು. ಗೋವೆಯಿಂದ ಹೊರಟ ಅವರ ಹಡಗುಗಳು ಮಲಾಕ್ಕದ ಮಾರ್ಗವಾಗಿ ಅಲ್ಲಿಗೆ ಹೋಗಿ, ಮುಂದೆ ಜಪಾನಿಗೆ ಸಾಗುತ್ತಿದ್ದುವು. 1999ನೆಯ ಡಿಸೆಂಬರ್ 20ರಂದು ಊರು ಚೀನಾದ ಆಡಳಿತಕ್ಕೆ ಮರಳಿತು. ಅಲ್ಲಿ ಜೂಜಿಗೆ ಸರಕಾರದ ಅಪ್ಪಣೆ ಸಿಕ್ಕಿದ್ದು 1840ರ ದಶಕದಲ್ಲಿ. ಬಹುಕಾಲ ಒಂದೇ ಸಂಸ್ಥೆಯ ವಶದಲ್ಲಿದ್ದ ಆ ಗುತ್ತಿಗೆಯನ್ನು 2002ರಲ್ಲಿ ಇತರರಿಗೂ ಕೊಟ್ಟ ಮೇಲೆ, 2006ರ ಹೊತ್ತಿಗೆ ಅಮೆರಿಕದ ಲಾಸ್ ವೇಗಾಸಿನ ಮುಖ್ಯ ಬೀದಿಯ ಆದಾಯವನ್ನೂ ಈ ಪುಟ್ಟ ಊರು ಮೀರಿತು.

ಬೆಳಿಗ್ಗೆ, ನೋಡಿ ಬರುವ ಕುತೂಹಲದಿಂದ, ಒಂದು ದೊಡ್ಡ ಕ್ಯಾಸಿನೋದ ಒಳಹೊಕ್ಕೆವು. ಇಪ್ಪತ್ತೊಂದು ವಯಸ್ಸು ತುಂಬದವರಿಗೆ ಅಲ್ಲಿ ಪ್ರವೇಶವಿಲ್ಲ. ವಿಶಾಲವಾದ ಆ ಸಭಾಂಗಣದಲ್ಲಿ ನಮಗೆ ಒಂದು ಕಿಟಕಿಯಾಗಲಿ, ಗೋಡೆಯ ಮೇಲೊಂದು ಗಡಿಯಾರವಾಗಲಿ ಕಾಣಿಸಲಿಲ್ಲ. ಹಗಲೋ ಇರುಳೋ ತಿಳಿಯದು. ಇಸ್ಪೀಟಿನ ಎಲೆಗಳು ತಿರುಗುತ್ತಿದ್ದ ಮೇಜುಗಳ ಸುತ್ತಲೂ ಹೆಂಗಸರು, ಗಂಡಸರು ಮೌನವಾಗಿ ಕುಳಿತಿದ್ದರು. ನಗುವವರು ಬಹಳ ಕಡಮೆ. ರಾಜ್ಯವನ್ನೂ ತಮ್ಮಂದಿರನ್ನೂ ಕಡೆಗೆ ಪತ್ನಿಯನ್ನೂ ಪಣಕ್ಕೊಡ್ಡಿದ ಧರ್ಮರಾಯನು ನಮ್ಮ ನೆನಪಿಗೆ ಬಂದನು. ಶಿಲುಬೆಯ ಕೆಳಗೆ ಕುಳಿತು ಕರ್ತನ ಅಂಗಿಗಾಗಿ ಚೀಟು ಹಾಕಿದ ಸಿಪಾಯಿಗಳೂ ನೆನಪಿಗೆ ಬಂದರು. ಹಾಗೆಂದು ಆ ಊರನ್ನು ಹಳಿದುಬಿಡುವುದು ನ್ಯಾಯವಲ್ಲ. ಅಲ್ಲಿಯ ಸರಕಾರದ ವರಮಾನದಲ್ಲಿ ಹೆಚ್ಚಿನ ಭಾಗವು ಜೂಜಿನ ತೆರಿಗೆಯಿಂದಲೇ ಬರುತ್ತದೆ. ಮಕ್ಕಳಿಗೆ ಹದಿನೈದು ವರ್ಷಗಳ ಶಿಕ್ಷಣವೂ ಉಚಿತವಾಗಿ ದೊರೆಯುತ್ತದೆ. ಯಾರೋ ಸೋತ ಹಣದಿಂದ ಯಾರೋ ಮಕ್ಕಳು ಓದುತ್ತಾರೆ. ಈ ಒಗಟನ್ನು ಬಿಡಿಸಲು ನಮ್ಮಿಂದಾಗಲಿಲ್ಲ.

ಹೊರಗೆ ಬಂದರೆ ಬೀದಿಯುದ್ದಕ್ಕೂ ಗಿರವಿ ಅಂಗಡಿಗಳು. ಗಾಜಿನ ಹಿಂದೆ ಸಾಲುಸಾಲಾಗಿ ಕೈಗಡಿಯಾರಗಳು! ಒಳಗೆ ಕಾಣದಿದ್ದ ಕಾಲವೆಲ್ಲ ಇಲ್ಲಿ ಮಾರಾಟಕ್ಕೆ ಕುಳಿತಂತಿತ್ತು. ಅವುಗಳ ನಡುವೆ ಉಂಗುರಗಳೂ ಬಳೆಗಳೂ ಇದ್ದುವು. ಬಳೆಗಳನ್ನು ಕಂಡು ನಾವಿಬ್ಬರೂ ಸ್ವಲ್ಪ ಹೊತ್ತು ಅಲ್ಲಿಯೇ ನಿಂತೆವು. ನಮ್ಮಲ್ಲೊಬ್ಬರು ಈ ಶಾಲೆಯ ಬೋರ್ಡಿಂಗಿನಲ್ಲಿ ಬೆಳೆದವರು. ಮಗಳ ಫೀಸಿಗಾಗಿ ಅವರ ತಾಯಿಯವರು ತಮ್ಮ ಎರಡು ಬಳೆಗಳನ್ನು ಗಿರವಿ ಇಟ್ಟಿದ್ದರು. ಒಂದನ್ನು ಬಿಡಿಸಿಕೊಂಡರು, ಇನ್ನೊಂದು ಬಡ್ಡಿಯಲ್ಲಿ ಮುಳುಗಿಹೋಯಿತು. ಮಗಳು ಓದಿ ಏನಾಗುವಳೆಂದು ಆ ತಾಯಿಗೆ ಯಾರೂ ಹೊಣೆ ನಿಂತಿರಲಿಲ್ಲ. ಅದೂ ಒಂದು ಪಣವೇ ಅಲ್ಲವೆ?

ಮಧ್ಯಾಹ್ನವನ್ನು ಯಾವ ಅವಸರವೂ ಇಲ್ಲದೆ ಹಳೆಯ ಪಟ್ಟಣದಲ್ಲಿ ಕಳೆದೆವು. ಸೆನಾದೋ ಚೌಕದ ನೆಲಕ್ಕೆ ಕಪ್ಪು ಬಿಳುಪು ಕಲ್ಲುಗಳನ್ನು ಅಲೆಯಲೆಯಾಗಿ ಹಾಸಿದ್ದಾರೆ. ಅಲ್ಲಿ ಕುಳಿತು, ಮೊಟ್ಟೆ ಹಾಲು ಸಕ್ಕರೆಗಳ ಹೂರಣವನ್ನು ತುಂಬಿ ಸುಟ್ಟ, ಆ ಊರಿಗೆ ಪ್ರಸಿದ್ಧವಾದ ಬಿಸಿ ತಿನಿಸನ್ನು ತಿಂದೆವು. 1835ರ ಬೆಂಕಿಯಲ್ಲಿ ಸುಟ್ಟುಹೋಗಿ ಮುಂಭಾಗದ ಕಲ್ಲುಗೋಡೆಯೊಂದೇ ಉಳಿದಿರುವ ಸಂತ ಪೌಲರ ದೇವಾಲಯವನ್ನು ನೋಡಿದೆವು. ಅನಂತರ ಕಮೋಯಿಂಶ್ ಕವಿಯ ಹೆಸರಿನ ಉದ್ಯಾನವನದ ನೆರಳಿನಲ್ಲಿ ಮುದುಕರು ಚೀನೀ ಚದುರಂಗವಾಡುವುದನ್ನು ನೋಡುತ್ತ ವಿಶ್ರಮಿಸಿಕೊಂಡೆವು.

ಆ ತೋಟದ ಪಕ್ಕದಲ್ಲಿಯೇ ಹಳೆಯ ಪ್ರಾಟೆಸ್ಟಂಟ್ ಸ್ಮಶಾನಭೂಮಿಯಿದೆ. 1821ರಲ್ಲಿ ಮಿಷನೆರಿ ರಾಬರ್ಟ್ ಮಾರಿಸನ್‌ರವರ ಪತ್ನಿ ಮೇರಿ ತೀರಿಕೊಂಡಾಗ, ಪ್ರಾಟೆಸ್ಟಂಟರನ್ನು ಹೂಳಲು ಮಕಾವಿನಲ್ಲಿ ಗೇಣು ನೆಲವೂ ಇರಲಿಲ್ಲ. ಆಗ ಈಸ್ಟ್ ಇಂಡಿಯಾ ಕಂಪನಿಯವರು ಈ ಸ್ಥಳವನ್ನು ಕೊಂಡರು. 1807ರಲ್ಲಿ ಬಂದಿಳಿದ ಮಾರಿಸನ್‌ರವರು 1834ರಲ್ಲಿ ಮೃತರಾಗುವ ತನಕ, ಇಪ್ಪತ್ತೇಳು ವರ್ಷಗಳ ಕಾಲ ಚೀನೀ ಭಾಷೆಯಲ್ಲಿ ದುಡಿದು, ನಿಘಂಟನ್ನು ರಚಿಸಿ, ಒಬ್ಬ ಸಹೋದ್ಯೋಗಿಯ ನೆರವಿನಿಂದ ಸತ್ಯವೇದವನ್ನು ಸಂಪೂರ್ಣವಾಗಿ ಭಾಷಾಂತರಿಸಿದರು. ಅವರು ಒಬ್ಬನಿಗೆ ದೀಕ್ಷಾಸ್ನಾನ ಕೊಡುವ ಹೊತ್ತಿಗೆ ಏಳು ವರ್ಷಗಳು ಸಂದಿದ್ದುವು. ಅವರನ್ನು ಕಳುಹಿಸಿದ ಲಂಡನ್ ಮಿಷನ್ ಸಂಘವೇ 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿ ಸತ್ಯವೇದವನ್ನು ಕನ್ನಡಿಸಿದ ಜಾನ್ ಹ್ಯಾಂಡ್ಸ್‌ರವರನ್ನೂ ಕಳುಹಿಸಿತ್ತು. ಪತಿಪತ್ನಿಯರ ಸಮಾಧಿಗಳ ಬಳಿ ನಿಂತಾಗ ಆ ಪರದೇಶವು ನಮಗೆ ಪರದೇಶವಾಗಿ ತೋರಲಿಲ್ಲ.

ಇದೇ ಊರಿನಲ್ಲಿ 1835ರಲ್ಲಿ ಮೇರಿ ಗುಟ್ಸ್‌ಲಾಫ್ ಎಂಬ ಮಿಷನೆರಿಯ ಪತ್ನಿಯು ಹೆಣ್ಣುಮಕ್ಕಳಿಗಾಗಿ ಒಂದು ಶಾಲೆಯನ್ನು ತೆರೆದರು. ಕೆಲವು ಗಂಡುಹುಡುಗರನ್ನೂ ಸೇರಿಸಿಕೊಂಡರು. ಅವರಲ್ಲಿ ಏಳು ವರ್ಷದ ಯುಂಗ್ ವಿಂಗ್ ಎಂಬ ಬಡವರ ಹುಡುಗನಿದ್ದನು. ಅವನು ಕೆಲವು ಹುಡುಗಿಯರನ್ನು ಜೊತೆಗೂಡಿಸಿಕೊಂಡು ದೋಣಿಯೇರಿ ಶಾಲೆಯಿಂದ ಓಡಿಹೋಗಿ, ಸಿಕ್ಕಿಬಿದ್ದು, ಎಲ್ಲರೆದುರಿಗೆ ಮೇಜಿನ ಮೇಲೆ ನಿಂತು ಶಿಕ್ಷೆ ಅನುಭವಿಸಿದನಂತೆ! ಬೋರ್ಡಿಂಗಿನ ಗೋಡೆಯ ಎತ್ತರವನ್ನು ಕಣ್ಣಿನಲ್ಲಿಯೇ ಅಳೆದ ಹಳೆಯ ವಿದ್ಯಾರ್ಥಿನಿಯರು ಇದನ್ನೋದಿ ಮುಗುಳ್ನಗದೆ ಇರಲಾರರು. ಆ ಹುಡುಗನೇ 1854ರಲ್ಲಿ ಅಮೆರಿಕದ ಯೇಲ್ ವಿದ್ಯಾಲಯದ ಪದವಿಯನ್ನು ಪಡೆದ ಮೊದಲನೆಯ ಚೀನೀಯನಾದನು. ಮುಂದೆ 120 ಮಂದಿ ಚೀನೀ ಬಾಲಕರು ಅಮೆರಿಕದಲ್ಲಿ ಓದುವಂತೆ ಏರ್ಪಾಡು ಮಾಡಿಸಿದನು. ಗುಟ್ಸ್‌ಲಾಫ್ ಅಮ್ಮನವರು 1849ರಲ್ಲಿಯೇ ತೀರಿಹೋಗಿದ್ದರು, ಇದಾವುದನ್ನೂ ಕಾಣಲಿಲ್ಲ. ಅವನೊಡನೆ ದೋಣಿಯೇರಿದ ಹುಡುಗಿಯರಿಗೂ ಅಂತಹ ಬಾಗಿಲು ತೆರೆದಿದ್ದರೆ ಏನಾಗುತ್ತಿದ್ದರೋ ಎಂದು ನಾವು ಬಹಳ ಹೊತ್ತು ಮಾತನಾಡಿಕೊಂಡೆವು.

ಸಂಜೆಯಾಗುತ್ತಲೇ ಕ್ಯಾಸಿನೋಗಳ ದೀಪಗಳು ಹೊತ್ತಿಕೊಂಡುವು. ನಾವು ಗಂಟುಮೂಟೆ ಕಟ್ಟಿದೆವು. ಜೂಜುಗಾರನು ತನ್ನದನ್ನು ಒಡ್ಡಿ ಮರುಗಳಿಗೆಯಲ್ಲಿಯೇ ತನಗೆ ಫಲ ಬೇಕೆನ್ನುವನು. ತಾಯಂದಿರೂ ಗುರುಗಳೂ ತಮ್ಮದನ್ನು ಒಡ್ಡುವರು. ಆದರೆ ಫಲವು ಬೇರೊಬ್ಬರದು, ಅದನ್ನು ತಾವು ಕಂಡಾರೆಂಬ ಭರವಸೆಯೂ ಇಲ್ಲ. ಪ್ರಿಯ ಸೋದರಿಯರೇ, ನಮ್ಮಲ್ಲಿ ಒಬ್ಬೊಬ್ಬರ ಓದಿನ ಹಿಂದೆಯೂ ಎಲ್ಲಿಯೋ ಒಂದು ಬಳೆ ಮುಳುಗಿದೆ. ಇಂದು ಹೆಣ್ಣುಮಕ್ಕಳನ್ನು ಶಾಲೆಗೆ ಕಳುಹಿಸುತ್ತಿರುವ ತಂದೆತಾಯಿಗಳು ಧೈರ್ಯಗೆಡದಿರಲಿ. ಓದಿ ಹೊರಟವರು ಆ ಸಾಲವನ್ನು ಇನ್ನೊಬ್ಬ ಹುಡುಗಿಯ ಫೀಸಿನಲ್ಲಿ ತೀರಿಸಲಿ. ದೇವರು ನಮ್ಮ ಶಾಲೆಯನ್ನು ಆಶೀರ್ವದಿಸಲಿ.