ಬಲ್ಬಿಗೊಂದು ಟೊಪ್ಪಿ

ಬೆಂಗಳೂರಿನಲ್ಲಿ ಇದು ನನ್ನ ಆರನೆಯ ಬಾಡಿಗೆ ಮನೆ. ಬಡಾವಣೆ ಬದಲಾಗಿದೆ, ಅಡ್ವಾನ್ಸು ಏರಿದೆ. ನಡುಮನೆಯ ನೆತ್ತಿಯ ಬರಿಮೈ ಬಲ್ಬು ಮಾತ್ರ ಪ್ರತಿ ಮನೆಯಲ್ಲೂ ನನಗಿಂತ ಮೊದಲೇ ಬಂದು ಕೂತಿರುತ್ತದೆ. ಓನರ್ ಕೀಲಿ ಕೊಡುವಾಗ ಎರಡೇ ಮಾತು ಹೇಳಿದ್ದರು: "ನೀರು ನೋಡ್ಕೊಂಡು ಬಳಸಿ. ಗೋಡೆಗೆ ಮೊಳೆ ಹೊಡೀಬೇಡಿ." ಸೀಲಿಂಗಿನ ಮಾತೆತ್ತಲಿಲ್ಲ. ಅಲ್ಲಿಯವರೆಗೆ ಏರುವ ಬಾಡಿಗೆದಾರ ಇರಬಹುದೆಂದು ಅವರಿಗೆ ಹೊಳೆದಿರಲಿಕ್ಕಿಲ್ಲ.

ಬಲ್ಬು 9 ವ್ಯಾಟಿನ ಎಲ್‌ಇಡಿ. ಡಬ್ಬಿಯ ಮೇಲೆ ಕೂಲ್ ಡೇಲೈಟ್, 6500 ಕೆಲ್ವಿನ್ ಎಂದು ಬರೆದಿದೆ. ಹಾಕಿದರೆ ರಾತ್ರಿ ಎಂಟಕ್ಕೆ ನಡುಮಧ್ಯಾಹ್ನ. ಚಾಪೆಯ ಮೇಲೆ ಅಂಗಾತ ಮಲಗಿದರೆ ಹಲ್ಲಿನ ಡಾಕ್ಟರ ಕುರ್ಚಿಯ ನೆನಪು. ಹಳೆಯ ತಂತಿ ಬಲ್ಬಿನದು 2700ರ ಆಸುಪಾಸು, ಆಗಷ್ಟೇ ಕಾಸಿದ ತುಪ್ಪದ ಬಣ್ಣ. ಈ ಅಂಕಿ ಏರಿದಷ್ಟೂ ಬೆಳಕು ತಣ್ಣಗಾಗುತ್ತದಂತೆ. ಆ ಲೆಕ್ಕ ನನಗಿನ್ನೂ ಅರಗಿಲ್ಲ.

ಇದಕ್ಕೊಂದು ಮುಸುಕು ಹಾಕಬೇಕು ಅಂತ ಪುತ್ತೂರಿನ ಹತ್ತಿರದ ಹಳ್ಳಿಯಲ್ಲಿರುವ ಅಮ್ಮನಿಗೆ ಫೋನಿನಲ್ಲಿ ಹೇಳಿದೆ.

"ಎಂತಕ್ಕೆ? ಕರೆಂಟಿಗೆ ದುಡ್ಡು ಕೊಟ್ಟು ಕತ್ತಲೆ ತೆಗೊಳ್ಳುದಾ?"

ನಾನು ಬೇರೆ ದೇಶದವರ ಮನೆಗಳ ಮಾತೆತ್ತಿದೆ. ಅವಳು ಮೈಸೂರಿಗೆ ಹೋದಳು. "ಅರಮನೆಗೆ ಅಷ್ಟು ಬಲ್ಬು ಹಾಕಿದ್ದಾರಲ್ಲ, ಒಂದಕ್ಕಾದರೂ ಟೊಪ್ಪಿ ಉಂಟಾ?" ಲಕ್ಷದ ಹತ್ತಿರದ ಬಲ್ಬುಗಳು ಒಟ್ಟಿಗೆ ನನ್ನ ವಿರುದ್ಧ ಸಾಕ್ಷಿ ನುಡಿದವು. ಫೋನಿಟ್ಟೆ.

ಅಮ್ಮನ ಕೋಪಕ್ಕೆ ಕಾರಣವಿದೆ. ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ಕರೆಂಟು ಮೊದಲು ಓಡಿದ್ದು ಯಾರ ಮನೆಗೂ ಅಲ್ಲ, ಸುಮಾರು 147 ಕಿಲೋಮೀಟರ್ ಆಚೆಯ ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಬಂತು. ನಮ್ಮ ಮನೆಯ ಅಂಗಳಕ್ಕೆ ಕಂಬ ಬರುವಾಗ 1982. ಅಲ್ಲಿಯವರೆಗೆ ಚಿಮಿಣಿ ಎಣ್ಣೆಯ ದೀಪ, ಅಪ್ಪ ಓದುವಾಗ ಲಾಟನು. ಮೊದಲ ಬಲ್ಬು ಜಗಲಿಗೂ ಅಡುಗೆಮನೆಗೂ ನಡುವಿನ ಗೋಡೆಯಲ್ಲಿ ಒಂದು ಕಿಂಡಿ ಕೊರೆದು ಅದರಲ್ಲಿ ಕೂತಿತು. ಒಂದೇ ಬಲ್ಬು, ಎರಡು ಕಡೆಗೂ ಅರ್ಧರ್ಧ. ಸ್ವಿಚ್ಚು ಒತ್ತಿದಾಗ ಅಜ್ಜಿ ಕೈ ಮುಗಿದದ್ದು ನನಗೆ ಚೆನ್ನಾಗಿ ನೆನಪಿದೆ. ಅಮ್ಮ ಈಗಲೂ ಮುಸ್ಸಂಜೆಯ ಮೊದಲ ದೀಪಕ್ಕೆ ಕೈ ಮುಗಿಯುತ್ತಾಳೆ, ಅದು ಟ್ಯೂಬ್‌ಲೈಟ್ ಆದರೂ ಸರಿ. ಕೈ ಮುಗಿಯುವುದಕ್ಕೆ ಯಾರು ಟೊಪ್ಪಿ ಹಾಕುತ್ತಾರೆ?

ಆ ಬಲ್ಬು ಮೈಸೂರು ಲ್ಯಾಂಪ್ಸಿನದು. 1936ರಲ್ಲಿ ಶುರುವಾದ ಆ ಕಾರ್ಖಾನೆ 2003ರಲ್ಲಿ ಬಾಗಿಲು ಹಾಕಿತು. ಮಲ್ಲೇಶ್ವರದ ಕಡೆ ಬಸ್ಸಿನಲ್ಲಿ ಹೋಗುವಾಗ ಅದರ ಜಾಗ ಕಂಡರೆ ನನಗೆ ನಮ್ಮ ಗೋಡೆಯ ಕಿಂಡಿ ನೆನಪಾಗುತ್ತದೆ.

ಮುಸುಕು ಹಾಕುವ ಚಟ ನನಗೆ ಹತ್ತಿದ್ದು ಹಾಸ್ಟೆಲಿನಲ್ಲಿ. ರೂಮ್‌ಮೇಟ್ ಮಲಗಬೇಕು, ನಾನು ಓದಬೇಕು. 60 ವ್ಯಾಟಿನ ಬಲ್ಬಿಗೆ ಭಾನುವಾರದ ಪುರವಣಿಯನ್ನು ಸುರುಳಿ ಸುತ್ತಿ ಸಿಕ್ಕಿಸಿದೆ. ತಂತಿ ಬಲ್ಬು ತಿಂದ ಕರೆಂಟಿನಲ್ಲಿ ಬೆಳಕಾಗುವುದು ನೂರಕ್ಕೆ ಐದೋ ಆರೋ ಪಾಲು, ಮಿಕ್ಕಿದ್ದೆಲ್ಲ ಬಿಸಿ ಎಂದು ಫಿಸಿಕ್ಸಿನ ಮೇಷ್ಟ್ರು ಹೇಳಿಕೊಟ್ಟಿದ್ದರು. ನಾನು ಅದನ್ನು ನಂಬಿದ್ದು ಪುರವಣಿಯ ರಾಶಿಭವಿಷ್ಯ ಕಂದುಬಣ್ಣಕ್ಕೆ ತಿರುಗಿ ಹೊಗೆಯಾಡಿದ ಮೇಲೆ. ಕಪ್ಪಾದದ್ದು ನನ್ನದೇ ರಾಶಿ.

ಈ ಸಲ ಬುದ್ಧಿವಂತನಾಗಿ ಎಸ್‌.ಜೆ.ಪಿ. ರಸ್ತೆಯ ಅಂಗಡಿಯೊಂದಕ್ಕೆ ಹೋದೆ. "ಮೊಳೆ ಹೊಡೆಯದೆ ಬಲ್ಬಿಗೆ ಏನಾದರೂ ಮುಚ್ಚಬಹುದಾ?" ಅಂಗಡಿಯವರು ಒಂದು ಬೇಕಲೈಟ್ ಹೋಲ್ಡರ್ ತೆಗೆದು ಅದರ ಬಾಯಿಯ ಸುತ್ತಲಿನ ಬಳೆಯನ್ನು ತಿರುಗಿಸಿ ಬಿಚ್ಚಿ ನನ್ನ ಅಂಗೈಯಲ್ಲಿಟ್ಟರು. "ಇದು ಯಾತಕ್ಕಿದೆ ಅನ್ಕೊಂಡಿದ್ರಿ?"

ನಲವತ್ತು ವರ್ಷ ಹೋಲ್ಡರುಗಳ ಕೆಳಗೆ ಬದುಕಿದವನು ನಾನು. ಆ ಬಳೆ ಅಂದಕ್ಕೆ ಇದೆ ಎಂದುಕೊಂಡಿದ್ದೆ. "ಛತ್ರಿ ಸಿಕ್ಕಿಸೋಕೆ ಸಾರ್. ಬಳೆ ಬಿಚ್ಚಿ, ಛತ್ರಿ ಏರಿಸಿ, ಮತ್ತೆ ಬಳೆ ತಿರುಗಿಸಿ. ಅಷ್ಟೇ." ರೈಲ್ವೆ ಸ್ಟೇಷನ್ನುಗಳಲ್ಲಿ ಹಿಂದೆ ಹೊರಗೆ ಹಸಿರು, ಒಳಗೆ ಬಿಳಿಯ ಎನಾಮಲ್ ತಗಡಿನ ಛತ್ರಿ ತೂಗುತ್ತಿದ್ದವಲ್ಲ, ಅವು. ಕಣ್ಣಿಗೆ ತಂಪಾಗಲೆಂದಲ್ಲ, ಬೆಳಕು ಮೇಲೆ ಪೋಲಾಗದೆ ಕೆಳಗೆ ಬೀಳಲೆಂದು. ಅಮ್ಮ ಒಪ್ಪುವ ಕಾರಣ.

ಅಂಗಡಿಯಲ್ಲಿದ್ದ ಗಾಜಿನವು ಹಿಡಿಸಲಿಲ್ಲ. ವಸ್ತುಪ್ರದರ್ಶನವೊಂದರಲ್ಲಿ ಆಂಧ್ರದ ನಿಮ್ಮಲಕುಂಟದ ತೊಗಲುಗೊಂಬೆಯವರು ಆಡಿನ ಚರ್ಮದಲ್ಲಿ ಮಾಡಿದ ಮುಸುಕು ನೋಡಿದ್ದೆ. ಬೆಳಕು ಹಾಯುವಾಗ ಆ ಕೆಂಪು, ಆ ಹಸಿರು! ಬೆಲೆ ಕೇಳಿ ವಾಪಸ್ಸು ಇಟ್ಟಿದ್ದೆ. ಬಿದಿರಿನ ಬುಟ್ಟಿ ಕವುಚಿ ನೋಡಿದೆ. ನಾಲ್ಕು ಗೋಡೆಗೂ ಪಂಜರದ ನೆರಳು ಬಿದ್ದು, ಊಟಕ್ಕೆ ಕೂತ ನಾವು ಪೇಟೆಗೆ ಹೊರಟ ಕೋಳಿಗಳಂತೆ ಕಂಡೆವು.

ಕೊನೆಗೆ ಅಟ್ಟದಿಂದ ಇಳಿದದ್ದು ದೀಪಾವಳಿಯ ಗೂಡುದೀಪ. ಬಯಲುಸೀಮೆಯವರು ಆಕಾಶಬುಟ್ಟಿ ಅನ್ನುತ್ತಾರೆ. ಬಿದಿರಿನ ಕಡ್ಡಿಯ ಎಂಟು ಮೂಲೆಯ ಗೂಡು, ಮೈಗೆಲ್ಲ ಬಣ್ಣದ ಕಾಗದ, ಕೆಳಗೆ ಕತ್ತರಿಸಿದ ಜಾಲರಿ. ಬೇರೆಯವರ ಮನೆಯ ಚಂದದ ದೀಪಗಳ ಚಿತ್ರ ನೋಡಿ ಕೊರಗುತ್ತಿದ್ದವನಿಗೆ, ಬೆಳಕಿಗೆ ಕಾಗದದ ಅಂಗಿ ತೊಡಿಸುವುದು ನಮ್ಮೂರಿನ ಹುಡುಗರಿಗೆಲ್ಲ ಬರುವ ವಿದ್ಯೆ ಎಂಬುದೇ ಮರೆತಿತ್ತು. ಎಲ್‌ಇಡಿಯ ಗೋಳಕ್ಕೆ ಕಾಗದ ಸುಡುವ ಬಿಸಿಯಿಲ್ಲ. ಬಿಸಿಯಾಗುವುದು ಅದರ ಕುತ್ತಿಗೆ, ಅದಕ್ಕೆ ಗಾಳಿ ಬೇಕು. "ಮೇಲೆ ಬಾಯಿ ತೆರೆದಿಡಿ, ಇಲ್ಲಾಂದ್ರೆ ಬಲ್ಬು ಬೇಗ ಹೋಗುತ್ತೆ" ಎಂದು ಅಂಗಡಿಯವರೇ ಎಚ್ಚರಿಸಿದ್ದರು. ಗೂಡಿನ ತಲೆ ಕತ್ತರಿಸಿದೆ, ಸ್ಟೂಲು ಹತ್ತಿ ಬಳೆಗೆ ದಾರ ಕಟ್ಟಿ ತೂಗುಬಿಟ್ಟೆ. ಮೊಳೆ ಸೊನ್ನೆ.

ಮಾಘದಲ್ಲಿ ಅಮ್ಮ ಬಂದಳು. ಬ್ಯಾಗು ಇಡುವ ಮೊದಲೇ ಮೇಲೆ ನೋಡಿದಳು. "ಎಂತ ಮಾರಾಯ, ನಿಮ್ಮಲ್ಲಿ ದೀಪಾವಳಿ ಇನ್ನೂ ಮುಗಿಲಿಲ್ವಾ?" ಆ ಮಂದ ಬೆಳಕಿನಲ್ಲಿ ಎರಡು ದಿನ ತಡವರಿಸುತ್ತ ಕಳೆದಳು, ಕನ್ನಡಕ ಒರೆಸಿದಳು, ಅಕ್ಕಿ ಆರಿಸುವುದಕ್ಕೆ ಬಾಲ್ಕನಿಗೆ ಹೋದಳು. ಮೂರನೆಯ ಸಂಜೆ ಆಫೀಸಿನಿಂದ ಬಂದಾಗ ನಡುಮನೆ ಬೆಳ್ಳಗೆ ಹೊಳೆಯುತ್ತಿತ್ತು. ಗೂಡುದೀಪ ಅವಳ ಮಡಿಲಲ್ಲಿತ್ತು, ಪಕ್ಕದ ಲೋಟದಲ್ಲಿ ಮೈದಾ ಅಂಟು.

"ಇಷ್ಟು ಕೆಟ್ಟದಾಗಿ ಕಾಗದ ಅಂಟಿಸುವುದಾ? ಮೂಲೆ ಎಲ್ಲ ಬಿಟ್ಟುಕೊಂಡಿದೆ," ಎಂದಳು. ಕೆಂಪು ಕಾಗದದ ಚೂರೊಂದನ್ನು ಬಲ್ಬಿಗೆ ಎತ್ತಿ ಹಿಡಿದು ನೋಡಿ, ನಾನು ಸ್ವಿಚ್ಚಿನ ಹತ್ತಿರ ಸುಳಿದದ್ದನ್ನು ಕಂಡು ಗದರಿದಳು: "ಅದು ಹಾಗೇ ಇರಲಿ. ನನಗೆ ಕಣ್ಣು ಕಾಣಬೇಡವಾ?"